ವಿಷವಿಲ್ಲದ ಹೊಲದಲ್ಲಿ ಕೂಲಿಯ ಮಾತೇಕಿಲ್ಲ?



ಕಾಫಿ ಕೊಯ್ಲು ಮುಗಿದು ಲೆಕ್ಕ ಚುಕ್ತಾ ಆದ ವಾರದಲ್ಲಿ ನಾವು ಐದು ಮಂದಿ, ಮೂವರು ಹೆಂಗಸರು ಇಬ್ಬರು ಗಂಡಸರು, ಮಾಕಣಿಗೆ ಹೊರಟಾಗ ಲೈನಿನಲ್ಲಿ ನಗದವರಿಲ್ಲ. ಬರ ನೋಡಲಿಕ್ಕೆ ಬಸ್ ಚಾರ್ಜು ಕೊಟ್ಟು ಹೋಗಬೇಕೋ ಎಂದು ಒಬ್ಬರು ಕೇಳಿದರು. ಸಗಣಿ ಗೊಬ್ಬರ ಕಲಿಯಲಿಕ್ಕೆ ಮಹಾರಾಷ್ಟ್ರ ಯಾಕೆ, ದೊರೆಗಳ ಕೊಟ್ಟಿಗೆ ಸಾಲದೋ ಎಂದು ಇನ್ನೊಬ್ಬರು. ನಕ್ಕವರ ಮೇಲೆ ನಮಗೆ ಕೋಪವಿಲ್ಲ. ಆದರೆ ಇದು ನಗುವ ವಿಷಯವಲ್ಲ. ನಮ್ಮ ಸುತ್ತಿನ ತೋಟಗಳಲ್ಲಿ 'ಸಾವಯವ' ಎಂಬ ಮಾತು ಕೇಳಿಬರುತ್ತಿದೆ. ಒಂದೆರಡು ಗೇಟುಗಳಲ್ಲಿ ಹಸಿರು ಬೋರ್ಡು ಕೂಡ ಎದ್ದಿದೆ. ಕೊಳ್ಳುವವರು ಬರುತ್ತಾರೆ, ಗಿಡ ನೋಡುತ್ತಾರೆ, ಮಣ್ಣು ಹಿಡಿದು ಮೂಸುತ್ತಾರೆ, ಫೋಟೋ ತೆಗೆಯುತ್ತಾರೆ. ಲೈನಿನ ಕಡೆಗೆ ಮಾತ್ರ ಯಾರ ಕಾಲೂ ತಿರುಗುವುದಿಲ್ಲ. ಈ ಸಾವಯವ ದುಡಿಯುವವನಿಗೆ ಏನು ಕೊಡುತ್ತದೆ, ಅವನಿಂದ ಏನು ಕೇಳುತ್ತದೆ ಎಂದು ತಿಳಿಯುವ ಹಕ್ಕು ನಮಗಿದೆ. ಅದಕ್ಕಾಗಿ ಹೋದೆವು.

ಕಲಬುರಗಿಯಿಂದ ಆಳಂದ, ಆಳಂದದಿಂದ ಉಮರ್ಗಾ, ಅಲ್ಲಿಂದ ಇನ್ನೊಂದು ಬಸ್ಸು. ನಮ್ಮ ಬೆಟ್ಟದ ಕಣ್ಣಿಗೆ ಆ ನಾಡು ಬೋಳು. ಎತ್ತ ನೋಡಿದರೂ ಎರೆ ಮಣ್ಣು, ಬಿರುಕು, ಅಲ್ಲಲ್ಲಿ ಒಂದು ಬೇವಿನ ಮರ. ಮಾಕಣಿ ತೇರ್ಣಾ ನದಿಯ ಊರು; ಕೆಳ ತೇರ್ಣಾ ಅಣೆಕಟ್ಟು ಇರುವುದು ಇಲ್ಲೇ. ಮಾತಿನ ಅಂಜಿಕೆ ನಮಗಿತ್ತು. ಅದು ಬೇಕಿರಲಿಲ್ಲ. ನಿಲಂಗಾ, ಉದಗೀರ ತಾಲೂಕುಗಳು 1956ರ ತನಕ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಗಡಿ ಎಳೆದಾಗ ಮುಂಬಯಿ ರಾಜ್ಯಕ್ಕೆ ಹೋದವು. ಗೆರೆ ನಕ್ಷೆಯ ಮೇಲೆ ಬಿತ್ತು, ಅಡುಗೆಮನೆಯ ಮಾತಿನ ಮೇಲೆ ಬೀಳಲಿಲ್ಲ. ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿಯುತ್ತಾರೆ, ಅಜ್ಜಿಯ ಹತ್ತಿರ ಕನ್ನಡದಲ್ಲಿ ರೊಟ್ಟಿ ಕೇಳುತ್ತಾರೆ.

ಈ ಸೀಮೆಯ ಕಷ್ಟ ಇಂದಿನದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಜನ ಮಲಗಿದ್ದಾಗ, ಕಿಲ್ಲಾರಿ ಸಾಸ್ತೂರುಗಳ ಸುತ್ತ ನೆಲ ನಡುಗಿತು. ಕಲ್ಲು ಮಣ್ಣಿನ ಗೋಡೆ, ಮೇಲೆ ಮಾರುದ್ದ ಮಣ್ಣಿನ ಮಾಳಿಗೆ. ಆ ಭಾರದ ಕೆಳಗೆ ಸುಮಾರು 10,000 ಜನ ಸತ್ತರು. ಮೂವತ್ತು ವರ್ಷ ದಾಟಿದರೂ ಮಾತಿನ ನಡುವೆ 'ಭೂಕಂಪಕ್ಕಿಂತ ಮೊದಲು', 'ಭೂಕಂಪ ಆದ ಮೇಲೆ' ಎಂದೇ ಲೆಕ್ಕ ಹೇಳುತ್ತಾರೆ. ಅದರ ಮೇಲೆ ಬರ. 2016ರ ಏಪ್ರಿಲಿನಲ್ಲಿ ಲಾತೂರಿನ ಜನರಿಗೆ ಕುಡಿಯಲಿಕ್ಕೆ ಮಿರಜಿನಿಂದ ರೈಲಿನಲ್ಲಿ ನೀರು ತರಬೇಕಾಯಿತು. ಮೊದಲನೆಯ ರೈಲಿನಲ್ಲಿ ಬಂದದ್ದು 5 ಲಕ್ಷ ಲೀಟರ್. ಮಳೆ ಬರಲಿಲ್ಲ ಎಂಬುದು ನಿಜ. ಆದರೆ ಅದೇ ಜಿಲ್ಲೆಗಳಲ್ಲಿ ಆ ವರ್ಷಗಳಲ್ಲೂ ಕಬ್ಬು ನಿಂತಿತ್ತು, ಸಕ್ಕರೆ ಕಾರ್ಖಾನೆಯ ಹೊಗೆ ನಿಂತಿರಲಿಲ್ಲ. ವರ್ಷವಿಡೀ ನೀರು ಕುಡಿಯುವ ಬೆಳೆಯನ್ನು ಆಗಾಗ್ಗೆ ಬರ ಬೀಳುವ ನಾಡಿನಲ್ಲಿ ಬೆಳೆಸಿದವನು ದೇವರಲ್ಲ.

ಆ ಕಬ್ಬಿನ ಸುದ್ದಿಯಲ್ಲಿ ಒಂದನ್ನು ನಮ್ಮ ಹೆಂಗಸರು ಕೇಳಲೇಬೇಕು. ಮರಾಠವಾಡಾದಿಂದ ಪ್ರತಿ ವರ್ಷ ಲಕ್ಷಗಟ್ಟಲೆ ಜನ ಮುಕಾದಮನಿಂದ ಮುಂಗಡ ಹಿಡಿದು ಕಬ್ಬು ಕಡಿಯಲಿಕ್ಕೆ ಹೋಗುತ್ತಾರೆ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು 'ಕೊಯತಾ', ಅಂದರೆ ಒಂದು ಕುಡುಗೋಲು. ಮನುಷ್ಯರ ಲೆಕ್ಕವಿಲ್ಲ, ಕುಡುಗೋಲಿನ ಲೆಕ್ಕ. ಹೆಂಡತಿ ಒಂದು ದಿನ ಮಲಗಿದರೆ ಆ ಕುಡುಗೋಲಿಗೆ ದಂಡ. ತಿಂಗಳ ರಜೆಯ ಭಯಕ್ಕೆ, ಹೊಟ್ಟೆನೋವಿನ ಭಯಕ್ಕೆ ಗರ್ಭಕೋಶವನ್ನೇ ತೆಗೆಸಿಕೊಂಡವರು ಬೀಡ ಜಿಲ್ಲೆಯಲ್ಲಿ 13 ಸಾವಿರಕ್ಕೂ ಮೀರಿದ್ದಾರೆಂದು 2019ರಲ್ಲಿ ಸರಕಾರದ ಸಮಿತಿಯೇ ಕಂಡಿತು. ಮೇಸ್ತ್ರಿಯ ಮುಂಗಡ ಎಂದರೇನೆಂದು ತಿಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ನಾಡಿನಲ್ಲಿ ಒಂದು ಎಕರೆ ಹೊಲ ನೋಡಿದೆವು.

ಮಾಕಣಿಯಿಂದ ಸ್ವಲ್ಪ ದೂರ ನಡೆದು ಹೋದರೆ ಸಿಗುವ ಹೊಲ. ಒಡತಿ, ಹಾಗೆಂದು ಸದ್ಯಕ್ಕೆ ಕರೆಯೋಣ, ನಲವತ್ತು ದಾಟಿದ ಹೆಂಗಸು. ಬದುವಿನ ಮೇಲೆ ನುಗ್ಗೆ, ಒಂದು ಮೂಲೆಯಲ್ಲಿ ಮೆಂತ್ಯ, ಪಾಲಕ, ಬದನೆ, ಮೆಣಸು. ಮುಂದೆ ಕಟಾವಿಗೆ ಬಂದ ಜೋಳ, ಅದರ ಪಕ್ಕ ಕಡಲೆ. ತೊಗರಿ ಆಗಲೇ ಮನೆ ಸೇರಿತ್ತು. ಪುಂಡಿ ಪಲ್ಯವನ್ನು ಕಿತ್ತು ನಮ್ಮ ಉಡಿಗೆ ಹಾಕಿದರು. "ಮದಲ ಎಲ್ಲಾ ಸೋಯಾನೇ ಬಿತ್ತತಿದ್ವಿ ಅಕ್ಕಾರ. ಅದನ್ನ ಮಾರಿ ಬಜಾರದಾಗ ಜ್ವಾಳ ಕೊಂಡು ತರತಿದ್ವಿ. ರೈತರ ಮನ್ಯಾಗ ಕಾಳು ಕೊಂಡು ತಿನ್ನೂದು ಅಂದ್ರ ನಾಚಿಗಿ ಅಲ್ಲೇನ್ರೀ?" ಎಂದರು. ಈಗ ಮೊದಲು ಮನೆಯ ಗಡಿಗೆ ತುಂಬುತ್ತದೆ, ಉಳಿದದ್ದು ಸಂತೆಗೆ.

ಈ ಕ್ರಮ ಆಕೆಯೊಬ್ಬರದಲ್ಲ. ಧಾರಾಶಿವ, ಎಂದರೆ ಮೊದಲಿನ ಉಸ್ಮಾನಾಬಾದ್, ಮತ್ತು ಲಾತೂರು ಜಿಲ್ಲೆಗಳಲ್ಲಿ 'ಸ್ವಯಂ ಶಿಕ್ಷಣ ಪ್ರಯೋಗ' ಎಂಬ ಸಂಸ್ಥೆ ಇದನ್ನು ಹಬ್ಬಿಸಿತು. ಭೂಕಂಪದ ನಂತರ ಮನೆ ಕಟ್ಟುವ ಕೆಲಸದಲ್ಲಿ ಹೆಂಗಸರ ಮಂಡಳಿಗಳನ್ನು ಮುಂದೆ ನಿಲ್ಲಿಸಿದ ಪ್ರೇಮಾ ಗೋಪಾಲನ್ ಅದನ್ನು ಕಟ್ಟಿದವರು. ಅವರು 2022ರಲ್ಲಿ ತೀರಿಕೊಂಡರು. ಸಂಸ್ಥೆಗೆ 2017ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ವಿಭಾಗದ ಈಕ್ವೇಟರ್ ಬಹುಮಾನ ಸಿಕ್ಕಿತು. ಕ್ರಮವೇನೋ ಸರಳ. ಹೆಂಗಸು ಮನೆಯಲ್ಲಿ ಜಗಳವೋ ಬೇಡಿಕೆಯೋ ಮಾಡಿ ಅರ್ಧ ಎಕರೆ, ಒಂದು ಎಕರೆ ತನ್ನ ಪಾಲಿಗೆ ಬಿಡಿಸಿಕೊಳ್ಳಬೇಕು. ಅದರಲ್ಲಿ ಏನು ಬಿತ್ತಬೇಕೆಂದು ಆಕೆಯೇ ಹೇಳಬೇಕು. ಅಂಗಡಿಯ ಗೊಬ್ಬರ, ಅಂಗಡಿಯ ಔಷಧ ಬಿಟ್ಟು, ತಿನ್ನುವ ಬೆಳೆಗಳನ್ನು ಹಲವು ಬಗೆಯಲ್ಲಿ ಬೆಳೆಯಬೇಕು.

ಕೇಳಲಿಕ್ಕೆ ಸರಳ. "ಹೊಲ ಕೇಳಿದ್ದಕ್ಕ ಒಂದು ತಿಂಗಳು ನಮ್ಮನ್ಯಾಗ ಮಾತಿರಲಿಲ್ರೀ" ಎಂದು ಆಕೆ ನಕ್ಕರು. ಗಂಡ ಅಲ್ಲೇ ಎತ್ತಿಗೆ ಮೇವು ಹಾಕುತ್ತಿದ್ದರು, ಅವರೂ ನಕ್ಕರು. ಮೊದಲ ವರ್ಷ ಇಳುವರಿ ಕಡಿಮೆಯಾಯಿತಂತೆ. ಅತ್ತೆ ದಿನಾ ಅಂದು ಆಡಿದರಂತೆ. ಎರಡನೆಯ ವರ್ಷ ಮಳೆ ಕೈಕೊಟ್ಟು ಪಕ್ಕದವರ ಸೋಯಾ ಒಣಗಿದಾಗ ಇಲ್ಲಿ ನಾಲ್ಕು ಬೆಳೆಯಲ್ಲಿ ಎರಡು ಉಳಿದವು. ಅಂದಿನಿಂದ ಮಾತು ನಿಂತಿತು.

ಆಕೆಯ ದುಡಿಮೆಯನ್ನು ನಾವು ಕಣ್ಣಾರೆ ಕಂಡೆವು, ಆದ್ದರಿಂದ ಅದರ ಲೆಕ್ಕವನ್ನೂ ಬರೆಯಬೇಕು. ಜೀವಾಮೃತ ಎಂದು ಒಂದು ದ್ರಾವಣ ಮಾಡುತ್ತಾರೆ. ಹತ್ತು ಕಿಲೋ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ಬೇಳೆಯ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, 200 ಲೀಟರ್ ನೀರು. ಖರ್ಚು ಬಹಳ ಕಡಿಮೆ ಎಂದು ಹೇಳಿಕೊಡುವವರು ಹೇಳುತ್ತಾರೆ. ಸರಿ. ಆದರೆ 200 ಲೀಟರ್ ನೀರೆಂದರೆ ಎಷ್ಟು ಕೊಡ? ಬೇಸಿಗೆಯಲ್ಲಿ ಎಷ್ಟು ದೂರದಿಂದ, ಯಾರ ಸೊಂಟದ ಮೇಲೆ? ಅದು ಖರ್ಚಿನ ಪಟ್ಟಿಯಲ್ಲಿ ಇಲ್ಲ. ಹೆಂಗಸಿನ ಬೆನ್ನನ್ನು ಬಿಟ್ಟಿ ಎಂದು ಹಿಡಿದರೆ ಯಾವ ಬೇಸಾಯವಾದರೂ ಅಗ್ಗವೇ.

'ಸದ್ಯಕ್ಕೆ ಒಡತಿ' ಎಂದು ಯಾಕೆ ಬರೆದೆವೆಂದರೆ, ಸಾತ್-ಬಾರಾ ಎಂದು ಅವರು ಕರೆಯುವ ಕಾಗದದಲ್ಲಿ, ಅಂದರೆ ನಮ್ಮ ಪಹಣಿಯಂಥದ್ದರಲ್ಲಿ, ಆಕೆಯ ಹೆಸರಿಲ್ಲ. ಬೆಳೆ ಸಾಲ, ಬೆಳೆ ವಿಮೆ, ಬರ ಪರಿಹಾರ ಎಲ್ಲ ಗಂಡನ ಹೆಸರಿಗೇ. ಬಿತ್ತುವ ಅಧಿಕಾರ ಬಂದಿದೆ, ಬರಹ ಬಂದಿಲ್ಲ. ಆದರೂ ಆ ಅರ್ಧ ಅಧಿಕಾರವೇ ಆ ಮನೆಯಲ್ಲಿ ಎಷ್ಟು ಬದಲಾವಣೆ ಮಾಡಿತೆಂಬುದನ್ನು ನಾವು ಮರೆಮಾಚುವುದಿಲ್ಲ. ನಮ್ಮ ಜತೆ ಬಂದಿದ್ದ ಒಬ್ಬ ಹೆಂಗಸು, ಮೂವತ್ತು ವರ್ಷದಿಂದ ಕಾಫಿ ಹಣ್ಣು ಬಿಡಿಸಿದವಳು, ಹೊಲದ ಬದುವಿನ ಮೇಲೆ ಕುಳಿತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಗಿಡ ಯಾವುದು ಬೇಕೂಂತ ನನ್ನನ್ನು ಯಾರೂ ಒಂದು ಸಲವೂ ಕೇಳಲಿಲ್ಲ" ಎಂದಳು.

ಮರುದಿನ ಇನ್ನೊಂದು ಜಾಗ ತೋರಿಸಿದರು. ದೊಡ್ಡ ಹೊಲ, ತಂತಿ ಬೇಲಿ, ರಸ್ತೆಗೆ ಕಾಣುವ ಹಾಗೆ ಬೋರ್ಡು, ಬಂದವರು ಕೂರಲಿಕ್ಕೆ ಮಾಡಿದ ಚಪ್ಪರ. ಹೆಸರು ಬರೆಯುವುದಿಲ್ಲ, ಇಂಥವು ಎಲ್ಲ ಕಡೆ ಇವೆ. ಚಹಾ ಕೊಟ್ಟರು, ಎರೆಹುಳದ ತೊಟ್ಟಿ ತೋರಿಸಿದರು, ಹುಳ ಎಷ್ಟು ಸುಖವಾಗಿದೆ ನೋಡಿ ಎಂದರು. ಹುಳಕ್ಕೆ ನೆರಳಿತ್ತು, ತೇವವಿತ್ತು, ಮೇಲೆ ಗೋಣಿಚೀಲ ಹೊದೆಸಿತ್ತು. ಅದರಾಚೆ ಬಿಸಿಲಲ್ಲಿ ಹನ್ನೆರಡು ಹದಿಮೂರು ಹೆಂಗಸರು ಕುಕ್ಕರುಗಾಲಲ್ಲಿ ಖುರ್ಪಿ ಹಿಡಿದು ಕಸ ತೆಗೆಯುತ್ತಿದ್ದರು. ನಮ್ಮವರಲ್ಲೊಬ್ಬರು ಮಾಲೀಕರನ್ನು, "ಇವರಿಗೆ ದಿನಕ್ಕೆಷ್ಟು ಅಣ್ಣಾ?" ಎಂದು ಕೇಳಿದರು. ಅವರು ಮಣ್ಣಿನ ಇಂಗಾಲದ ಮಾತು ತೆಗೆದರು. ಇನ್ನೊಮ್ಮೆ ಕೇಳಿದೆವು. ಊರಿನಲ್ಲಿ ನಡೆಯುವುದನ್ನೇ ಕೊಡುತ್ತೇವೆ ಎಂದರು. ಊರಿನಲ್ಲಿ ನಡೆಯುವುದೇನೆಂದು ಆ ಹೆಂಗಸರನ್ನೇ ಕೇಳಿದಾಗ ಗೊತ್ತಾಯಿತು: ಗಂಡಸಿನ ಕೂಲಿಯ ಅರ್ಧಕ್ಕಿಂತ ಸ್ವಲ್ಪ ಮೇಲೆ. ಸಮಾನ ವೇತನದ ಕಾಯಿದೆ ಬಂದದ್ದು 1976ರಲ್ಲಿ. ಬೋರ್ಡಿನ ಮೇಲೆ 'ಪ್ರಕೃತಿಗೆ ನ್ಯಾಯ' ಎಂದು ಬರೆದಿತ್ತು.

ಇಲ್ಲಿ ನಮ್ಮ ಮಾತನ್ನು ನೇರವಾಗಿ ಹೇಳಿಬಿಡುತ್ತೇವೆ. ಸಾವಯವ ಬೇಸಾಯಗಾರರ ಲೋಕದ ಒಕ್ಕೂಟವೇ 2005ರಲ್ಲಿ ನಾಲ್ಕು ತತ್ವಗಳನ್ನು ಒಪ್ಪಿಕೊಂಡಿತು: ಆರೋಗ್ಯ, ಪರಿಸರ, ನ್ಯಾಯ, ಎಚ್ಚರ. ನ್ಯಾಯವೆಂದರೆ ಮಣ್ಣಿಗೆ ಮಾತ್ರವಲ್ಲ, ಬೆಳೆಯುವವನಿಗೂ ಕೂಲಿ ಮಾಡುವವನಿಗೂ ಎಂದೇ ಅದರ ಅರ್ಥ. ಆದರೆ ಹೊಲ ನೋಡಲಿಕ್ಕೆ ಬರುವವರು ಮೊದಲನೆಯ ಎರಡನ್ನು ನೋಡಿ ಹಿಂದಿರುಗುತ್ತಾರೆ. ಮೂರನೆಯದರ ಹತ್ತಿರ ಚಪ್ಪರದ ನೆರಳು ಮುಗಿಯುತ್ತದೆ.

ವಿಷದ ಮಾತನ್ನೇ ತೆಗೆದುಕೊಳ್ಳಿ. ಪೇಟೆಯಲ್ಲಿ ಸಾವಯವ ಕೊಳ್ಳುವವರು ತಟ್ಟೆಯಲ್ಲಿ ವಿಷ ಬರಬಾರದೆಂದು ಕೊಳ್ಳುತ್ತಾರೆ. ಬೇಡವೆನ್ನುವುದಿಲ್ಲ. ಆದರೆ ವಿಷ ಮೊದಲು ಮುಟ್ಟುವುದು ತಟ್ಟೆಯನ್ನಲ್ಲ, ಪಂಪು ಹೊತ್ತವನ ಬೆನ್ನನ್ನು. 2017ರಲ್ಲಿ ಅದೇ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧ ಹೊಡೆದ ಇಪ್ಪತ್ತರಷ್ಟು ಮಂದಿ ರೈತರು, ಕೂಲಿಗಳು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಅಷ್ಟು ದೂರ ಯಾಕೆ? ಕಾಸರಗೋಡಿನ ಗೇರು ತೋಟಗಳ ಮೇಲೆ ಸುಮಾರು ಇಪ್ಪತ್ತು ವರ್ಷ, 2000ದ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಅದೇ. ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಏಳಲಾಗದ ಮಕ್ಕಳನ್ನು ಹೊತ್ತು ತಿರುಗಿದ ತಾಯಂದಿರಲ್ಲಿ ನಮ್ಮಂಥ ಕೂಲಿಯವರು ಎಷ್ಟು ಮಂದಿ!

ತೋಟ ಕಾರ್ಮಿಕರ ಕಾಯಿದೆ 1951ರಲ್ಲಿ ಬಂತು. ಮನೆ, ಆಸ್ಪತ್ರೆ, ಮಕ್ಕಳ ಮನೆ ಎಲ್ಲ ಅದರಲ್ಲಿತ್ತು. ವಿಷ ಮುಟ್ಟುವವರ ರಕ್ಷಣೆಗೆ ಒಂದು ಅಧ್ಯಾಯ ಸೇರಿಸಿದ್ದು 2010ರಲ್ಲಿ. ಐವತ್ತೊಂಬತ್ತು ವರ್ಷ! ಅಷ್ಟರಲ್ಲಿ ಕಾಂಡಕೊರಕಕ್ಕೆ ಗಿಡದ ಬುಡ ಬೊಡ್ಡೆಗಳಿಗೆ ಬರಿಗೈಯಲ್ಲಿ ಔಷಧ ಬಳಿದ ಒಂದು ತಲೆಮಾರು ಮಣ್ಣಿಗೆ ಹೋಯಿತು. 2020ರಲ್ಲಿ ಆ ಕಾಯಿದೆಯನ್ನೇ ಹೊಸ ಸಂಹಿತೆಯೊಳಗೆ ಸೇರಿಸಿದರು. ಆದ್ದರಿಂದ ವಿಷ ಬೇಡ ಎಂಬ ಮಾತು ಮೊದಲು ನಮ್ಮದಾಗಬೇಕಿತ್ತು. ಅದನ್ನು ಕೊಳ್ಳುವವರ ಬಾಯಿಗೆ ಬಿಟ್ಟುಕೊಟ್ಟು ನಾವು ನಗುತ್ತ ಕುಳಿತದ್ದು ನಮ್ಮ ತಪ್ಪು. ಇದನ್ನು ನಮ್ಮ ಸಂಘಗಳ ಮುಂದಾಳುಗಳಿಗೂ ಸೇರಿಸಿಯೇ ಹೇಳುತ್ತಿದ್ದೇವೆ.

ಇನ್ನೊಂದು ಕಡೆಯೂ ಇದೆ. ಸಾವಯವ ಒಂದೇ ಎಲ್ಲಕ್ಕೂ ಮದ್ದು, ಬರಕ್ಕೂ ಸಾಲಕ್ಕೂ ಅದೇ ಮದ್ದು ಎಂದು ಸಾರುವವರು ಹೆಚ್ಚುತ್ತಿದ್ದಾರೆ. ಅಂಥವರು ಸಿಂಹಳದ ಕಥೆ ಕೇಳಲಿ. ನಮ್ಮ ಲೈನುಗಳಲ್ಲಿ, ವಿಶೇಷವಾಗಿ ಸುಳ್ಯ, ಪುತ್ತೂರಿನ ರಬ್ಬರು ತೋಟಗಳಲ್ಲಿ, 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಿಂದ ಅಲ್ಲಿಂದ ಬಂದ ಕುಟುಂಬಗಳು ಎಷ್ಟೋ ಇವೆ. ಬಳಗ ಇನ್ನೂ ಅಲ್ಲಿದೆ. 2021ರಲ್ಲಿ ಅಲ್ಲಿನ ಸರಕಾರ ರಾತ್ರಿ ಬೆಳಗಾಗುವುದರೊಳಗೆ ರಾಸಾಯನಿಕ ಗೊಬ್ಬರ ತರಿಸುವುದನ್ನೇ ನಿಲ್ಲಿಸಿ, ದೇಶವೆಲ್ಲ ಸಾವಯವ ಎಂದಿತು. ಕಾಂಪೋಸ್ಟು ಸಿದ್ಧವಿರಲಿಲ್ಲ, ಕಲಿಸಿದವರಿರಲಿಲ್ಲ, ಸಾಗುವಳಿ ಮಾಡುವವರನ್ನು ಕೇಳಿರಲಿಲ್ಲ. ಭತ್ತ ಬಿದ್ದಿತು. ನವೆಂಬರಿನೊಳಗೆ ಆಜ್ಞೆ ಹಿಂದಕ್ಕೆ ತೆಗೆದುಕೊಂಡರು. ಆದರೆ 2022ರಲ್ಲಿ ಚಹಾ ಎರಡು ದಶಕಗಳಲ್ಲೇ ಅತಿ ಕಡಿಮೆಗೆ ಇಳಿಯಿತು. ಎಲೆ ಕಡಿಮೆಯಾದರೆ ನಷ್ಟ ಯಾರಿಗೆ? 2021ರ ಮಾರ್ಚಿನಲ್ಲಿ ದಿನಕ್ಕೆ 1,000 ರೂಪಾಯಿ ಸಂಬಳ ನಿಗದಿಯಾಗಿತ್ತು, ಆದರೆ ಹೇಳಿದಷ್ಟು ಕಿಲೋ ಕಿತ್ತವರಿಗೆ ಮಾತ್ರ ಪೂರ್ತಿ. ಗಿಡದಲ್ಲಿ ಎಲೆಯೇ ಇಲ್ಲದಿದ್ದರೆ ಕಿಲೋ ಎಲ್ಲಿಂದ ತರುವುದು? ಮಂತ್ರಿಗಳ ಸಾವಯವಕ್ಕೆ ಬುಟ್ಟಿ ಹೊತ್ತವಳು ಅರ್ಧ ಹಾಜರಿ ತೆತ್ತಳು.

ಮಾಕಣಿಯ ಆ ಒಂದು ಎಕರೆಗೂ ಇದಕ್ಕೂ ಇರುವ ವ್ಯತ್ಯಾಸ ಸಗಣಿಯಲ್ಲಿಲ್ಲ. ಅಲ್ಲಿ ಬಿತ್ತುವವಳೇ ತೀರ್ಮಾನ ಮಾಡಿದಳು. ಮೊದಲ ವರ್ಷದ ನಷ್ಟವನ್ನು ತಿಳಿದೇ ಹೊತ್ತಳು. ಬಂದದ್ದು ಆಕೆಯ ಗಡಿಗೆಗೆ ಸೇರಿತು. ಇಲ್ಲಿ ತೀರ್ಮಾನ ಒಬ್ಬರದು, ನಷ್ಟ ಇನ್ನೊಬ್ಬರದು.

ಆ ದೊಡ್ಡ ಹೊಲದಲ್ಲಿ ಕಸ ತೆಗೆಯುತ್ತಿದ್ದವರಿಗೆ ಅರ್ಧ ಎಕರೆ ಕೇಳಲಿಕ್ಕೆ ಗಂಡನ ಹೊಲವೂ ಇಲ್ಲ. ಹೆಚ್ಚಿನವರು ದಲಿತರು. ಮರಾಠವಾಡಾದಲ್ಲಿ ಗಾಯರಾನ್ ಎನ್ನುವ ಗೋಮಾಳದ ತುಂಡುಗಳಿಗಾಗಿ ಅವರ ತಂದೆ ತಾಯಂದಿರು ಪಟ್ಟ ಪಾಡು ಸಣ್ಣದಲ್ಲ. ದಾದಾಸಾಹೇಬ ಗಾಯಕವಾಡರ ಮುಂದಾಳತ್ವದಲ್ಲಿ 1959ರಲ್ಲಿ, ಮತ್ತೆ 1964ರಲ್ಲಿ ಭೂಮಿಗಾಗಿ ಸತ್ಯಾಗ್ರಹ ನಡೆದು ಸಾವಿರಾರು ಜನ ಜೈಲು ತುಂಬಿದರು. ಸಾಗುವಳಿ ಮಾಡಿದ ಗಾಯರಾನ್ ಕಾಯಂ ಮಾಡಿಕೊಡುತ್ತೇವೆಂದು 1991ರಲ್ಲಿ ಸರಕಾರ ಆಜ್ಞೆ ಹೊರಡಿಸಿತು. ಕಾಗದ ಕೈಗೆ ಸೇರಿದ ಮನೆಗಳಿಗಿಂತ ಅಲೆದಾಡಿದ ಮನೆಗಳು ಹೆಚ್ಚು. ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದದ್ದನ್ನು ನಾವು ಆಸೆಯಿಂದ ಓದುತ್ತೇವೆ. ಹೊಲದ ಮೂಲೆಯನ್ನು ಬಡವರಿಗೆ ಬಿಡಬೇಕೆಂಬುದು ಅಲ್ಲಿ ಧಣಿಯ ದಯೆಯಾಗಿರಲಿಲ್ಲ, ಕಟ್ಟಳೆಯಾಗಿತ್ತು ಎಂಬುದನ್ನು ಮಾತ್ರ ಮರೆಯುತ್ತೇವೆ.

ಈಗ ನಮ್ಮ ತೋಟಗಳಿಗೆ ಬರೋಣ. ದೊರೆಗಳು ಸಾವಯವಕ್ಕೆ ಇಳಿದರೆ ನಾವು ಅಡ್ಡ ನಿಲ್ಲಬಾರದು. ಆದರೆ ಲೆಕ್ಕ ಕೇಳದೆ ಬಿಡಬಾರದು. ಕಾಫಿಯಂಥ ಬಹುಕಾಲದ ಗಿಡಕ್ಕೆ ಸರ್ಟಿಫಿಕೇಟು ಸಿಗಲು ಮೂರು ವರ್ಷ ರಾಸಾಯನಿಕ ಬಿಟ್ಟಿರಬೇಕು. ಆ ಮೂರು ವರ್ಷ ಬೆಳೆ ಇಳಿಯಬಹುದು, ಹೆಚ್ಚಿನ ಬೆಲೆ ಇನ್ನೂ ಸಿಕ್ಕಿರುವುದಿಲ್ಲ. ಆಗ ಹಾಜರಿ ಕಡಿಮೆ ಮಾಡುತ್ತಾರೋ? ಕಳೆನಾಶಕ ನಿಂತರೆ ಕಳೆ ಕತ್ತಿಯಿಂದಲೇ ಹೋಗಬೇಕು. ಸರಿಯಾಗಿ ಲೆಕ್ಕ ಹಾಕಿದರೆ ಅದು ನಮಗೆ ಹೆಚ್ಚು ಕೆಲಸದ ದಿನ, ಒಳ್ಳೆಯದೇ. ಆದರೆ ಹಿಂದಿನಷ್ಟೇ ಜನ, ಹಿಂದಿನಷ್ಟೇ ಸಂಬಳ, ಎರಡು ಪಾಲು ಕಳೆ ಎಂದರೆ ಆ ಹಸಿರು ಬೋರ್ಡಿನ ಬಣ್ಣ ನಮ್ಮ ಸೊಂಟದಿಂದ ತೆಗೆದದ್ದು. ಹೆಚ್ಚಿನ ಕಳೆಗೆ ಅಸ್ಸಾಮು, ಜಾರ್ಖಂಡುಗಳಿಂದ ಗುತ್ತಿಗೆಯವರನ್ನು ತಂದು ನಮ್ಮ ಕೂಲಿಗಿಂತ ಕಡಿಮೆಗೆ ದುಡಿಸಿದರೆ ಅವರ ಮೇಲೆ ಸಿಟ್ಟು ಮಾಡುವುದೂ ತಪ್ಪು. ಅವರೂ ಕೊಯತಾ ಲೆಕ್ಕದವರೇ.

ಮುಂದಿನ ಸಂಬಳದ ಮಾತುಕತೆಗೆ ಹೋಗುವಾಗ ಈ ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಬೇಕೆಂದು ನಮ್ಮ ಸೂಚನೆ. ಸಾವಯವ ಕಾಫಿಗೆ ಸಿಗುವ ಹೆಚ್ಚಿನ ಬೆಲೆಯಲ್ಲಿ ದುಡಿಯುವವರ ಪಾಲೆಷ್ಟು? ಕೈಯಿಂದ ಕಳೆ ತೆಗೆಯುವುದಕ್ಕೆ ದಿನದ ಅಳತೆ ಎಷ್ಟು, ಅದನ್ನು ನಿಶ್ಚಯಿಸುವಾಗ ಹೆಂಗಸರು ಕೂತಿರುತ್ತಾರೋ? ತೋಟ ನೋಡಲು ಬರುವ ಪರೀಕ್ಷಕರು ಲೈನಿಗೂ ಬಂದು, ರೈಟರು ಪಕ್ಕದಲ್ಲಿ ನಿಲ್ಲದೆ, ನಮ್ಮ ಹತ್ತಿರ ಮಾತಾಡುತ್ತಾರೋ? ಸಾವಯವ ಮಾಡದ ತೋಟಗಳಲ್ಲಿ ಔಷಧ ಹೊಡೆಯುವವರಿಗೆ ಕೈಗವಸು, ಮುಖವಸ್ತ್ರ, ಸ್ನಾನಕ್ಕೆ ನೀರು, ಅಂದಿನ ಪೂರ್ತಿ ಹಾಜರಿ ಇದೆಯೋ? ಮತ್ತು ಲೈನಿನ ಹಿಂದೆ ಖಾಲಿ ಬಿದ್ದಿರುವ ನೆಲದಲ್ಲಿ ಒಂದೊಂದು ಮನೆಗೆ ಎರಡು ಸೆಂಟಾದರೂ ಸೊಪ್ಪು ತರಕಾರಿಗೆ, ಬಾಯಿಮಾತಿನಲ್ಲಿ ಅಲ್ಲ, ಒಪ್ಪಂದದ ಕಾಗದದಲ್ಲಿ ಕೊಡುತ್ತಾರೋ? ಈ ಕೊನೆಯದಕ್ಕೆ ನಮ್ಮವರಲ್ಲೇ ಕೆಲವರು ಮೂಗು ಮುರಿಯುತ್ತಾರೆ, ಎರಡು ಸೆಂಟಿನಲ್ಲಿ ಏನು ಬೆಳೆಯುತ್ತದೆ ಎನ್ನುತ್ತಾರೆ. ನಾವು ಆ ಪುಂಡಿ ಪಲ್ಯ ತಿಂದು ಬಂದವರು. ಅವರ ಮಾತು ಒಪ್ಪುವುದಿಲ್ಲ.

ಹೊರಡುವಾಗ ಆಕೆ ಹಳೆಯ ಸೀರೆಯ ತುಂಡಿನಲ್ಲಿ ಪುಂಡಿ, ನುಗ್ಗೆ, ಬದನೆಯ ಬೀಜ ಕಟ್ಟಿಕೊಟ್ಟರು. "ಹೆಚ್ಚಾದ್ರ ನಾಕು ಮಂದಿಗೆ ಹಂಚ್ರಿ, ಮಾರಬ್ಯಾಡ್ರಿ" ಎಂದರು. ನಮ್ಮ ಮಳೆಗೆ ಅವು ಹೇಗೆ ಬರುತ್ತವೋ ನೋಡಬೇಕು. ಪುಂಡಿಗೆ ನೀರು ನಿಲ್ಲುವ ಜಾಗ ಆಗುವುದಿಲ್ಲವಂತೆ. ಬೇಕಾದವರು ಮೊದಲ ಮಳೆಗೆ ಮುಂಚೆ ಸ್ತ್ರೀ ಸಮಾಜದ ಕೂಟಕ್ಕೆ ಬಂದು ತೆಗೆದುಕೊಳ್ಳಿ. ನಮ್ಮ ಲೈನಿನ ಹಿಂದೆ ಮೂರು ಸಾಲು ಹಾಕಿದ್ದೇವೆ. ರೈಟರು ಬಂದು ನೋಡಿ ಹೋಗಿದ್ದಾರೆ, ಇನ್ನೂ ಏನೂ ಹೇಳಿಲ್ಲ.